ಸುಳುಹು ಸುಳ್ಳಾಗಬಾರದು: ಪದಬಂಧ ಕಲೆಯ ಒಂದು ವಿಮರ್ಶೆ

ಧರ್ಮ, ದರ್ಶನ, ವಚನವಾಙ್ಮಯಗಳಿಗೆ ಮೀಸಲಾದ ಈ ಪುಟಗಳಲ್ಲಿ ಪದಬಂಧದ ಪ್ರಸ್ತಾಪ ಬಂದುದನ್ನು ಕಂಡು ಕೆಲವರು ಹುಬ್ಬೇರಿಸಬಹುದು. ಆದರೆ ವಾಚಕ ಮಹಾಶಯರೇ, ನಿಮ್ಮ ಮನೆಯ ಪಡಸಾಲೆಯತ್ತಲೇ ಒಮ್ಮೆ ಕಣ್ಣು ಹಾಯಿಸಿರಿ. ಪ್ರಾತಃಕಾಲದ ಲಿಂಗಪೂಜೆ ಮುಗಿದು ಪತ್ರಿಕೆ ಕೈಗೆ ಬಂದೊಡನೆ, ಮುಖಪುಟದ ರಾಜಕೀಯವನ್ನು ಬದಿಗಿಟ್ಟು ಒಳಪುಟದ ಕಪ್ಪುಬಿಳುಪಿನ ಚೌಕವನ್ನು ಅರಸುವ ಹಿರಿಯರೊಬ್ಬರು ಅಲ್ಲಿ ಇದ್ದೇ ಇರುತ್ತಾರೆ. ಪ್ರಸಾದನಿಲಯದಲ್ಲಿದ್ದು ಅಮರಕೋಶವನ್ನು ಕಂಠಪಾಠ ಮಾಡಿದ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಆ ವಿದ್ಯೆ ನಿತ್ಯೋಪಯೋಗಿಯಾಗಿ ಉಳಿದಿರುವುದು ಈ ಚೌಕದಲ್ಲಿಯೇ. ಇಷ್ಟು ಜನ, ಇಷ್ಟು ಏಕಾಗ್ರತೆಯಿಂದ, ಲೇಖನಿ ಹಿಡಿದುಕೊಂಡು ಓದುವ ಬರವಣಿಗೆ ಪತ್ರಿಕೆಯಲ್ಲಿ ಬೇರೊಂದಿಲ್ಲ. ಕಥೆಗೆ ವಿಮರ್ಶಕರಿದ್ದಾರೆ, ಕವಿತೆಗೆ ಇದ್ದಾರೆ, ನಾಟಕಕ್ಕೂ ಇದ್ದಾರೆ. ನಾಲ್ಕಾರು ಪದಗಳ ಸುಳುಹಿಗೆ ಮಾತ್ರ ವಿಮರ್ಶಕರಿಲ್ಲ. ಆ ಕೊರತೆಯನ್ನು ಅಲ್ಪ ಪ್ರಮಾಣದಲ್ಲಿಯಾದರೂ ತುಂಬುವುದು ಈ ಬರಹದ ಉದ್ದೇಶ.

ಒಂದು ಸುಳುಹು ಜಾಣತನದ್ದು, ಮತ್ತೊಂದು ದುರ್ಬಲ ಎಂದು ನಾವು ಹೇಳುವುದು ಯಾವ ಆಧಾರದ ಮೇಲೆ? ಬಿಡಿಸಲು ಕಷ್ಟವಾದುದು ಜಾಣತನದ್ದು, ಸುಲಭವಾದುದು ದುರ್ಬಲ ಎಂಬುದು ಸಾಮಾನ್ಯ ಅಭಿಪ್ರಾಯ. ಇದು ಸರಿಯಲ್ಲವೆಂಬುದೇ ನನ್ನ ವಾದ. ಅದನ್ನು ಪರೀಕ್ಷಿಸುವುದಕ್ಕೆ ಕರಾವಳಿಯ ನಾಲ್ಕು ಊರುಗಳ ಹೆಸರನ್ನು ಒರೆಗಲ್ಲಾಗಿ ಆರಿಸಿಕೊಂಡಿದ್ದೇನೆ: ಉಡುಪಿ, ಮಣಿಪಾಲ, ಕಾಪು, ಕಾರ್ಕಳ. ಯಾತ್ರೆಗೆಂದೋ ವಿದ್ಯೆಗೆಂದೋ ಚಿಕಿತ್ಸೆಗೆಂದೋ ನಿಮ್ಮಲ್ಲಿ ಬಹಳ ಮಂದಿ ಆ ಕಡೆ ಹೋಗಿ ಬಂದವರೇ. ಮೇಲಾಗಿ ಮಣಿಪಾಲವು ಕನ್ನಡ ಪತ್ರಿಕೆಯ ಊರು. ೧೯೭೦ರ ಜನವರಿ ೧ರಂದು 'ಉದಯವಾಣಿ' ದಿನಪತ್ರಿಕೆಯೂ, ೧೯೮೩ರಲ್ಲಿ 'ತರಂಗ' ವಾರಪತ್ರಿಕೆಯೂ ಅಲ್ಲಿಂದಲೇ ಹೊರಟವು. ಮುಂದೆ ಉದಾಹರಿಸುವ ಸುಳುಹುಗಳು ಯಾವ ಪತ್ರಿಕೆಯಿಂದಲೂ ಎತ್ತಿಕೊಂಡವಲ್ಲ. ಗುಣವನ್ನೂ ದೋಷವನ್ನೂ ತೋರಿಸುವುದಕ್ಕಾಗಿಯೇ ಇಲ್ಲಿ ಕಟ್ಟಿದವು. ಆವರಣದೊಳಗಿನ ಅಂಕಿ ಉತ್ತರದ ಅಕ್ಷರಸಂಖ್ಯೆಯನ್ನು ಸೂಚಿಸುತ್ತದೆ.

ಪದಬಂಧದ ಹುಟ್ಟನ್ನು ಸಂಕ್ಷೇಪವಾಗಿ ಹೇಳಿ ಮುಂದುವರಿಯೋಣ. ೧೯೧೩ರ ಡಿಸೆಂಬರ್ ೨೧ರಂದು 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಆರ್ಥರ್ ವಿನ್ ಎಂಬಾತ ಪ್ರಕಟಿಸಿದ ವಜ್ರಾಕೃತಿಯ ಒಗಟು ಇದರ ಮೂಲ. ಲಂಡನ್ನಿನ 'ಟೈಮ್ಸ್' ೧೯೩೦ರ ಫೆಬ್ರವರಿ ೧ರಂದು ಇದಕ್ಕೆ ತನ್ನ ಪುಟದಲ್ಲಿ ಎಡೆಯಿತ್ತಿತು. ಅಮೆರಿಕದಲ್ಲಿ ಸುಳುಹು ಬಹುಮಟ್ಟಿಗೆ ಪದದ ಅರ್ಥಸೂಚನೆಯಾಗಿಯೇ ಉಳಿಯಿತು; ಇಂಗ್ಲೆಂಡಿನಲ್ಲಿ ಅದು ಮಾತಿನ ಚಮತ್ಕಾರವಾಗಿ ಬೆಳೆಯಿತು. ಕನ್ನಡದ ಪದಬಂಧ ಇವೆರಡರ ನಡುವೆ ತನ್ನದೇ ದಾರಿಯನ್ನು ಹುಡುಕುತ್ತ ಬಂದಿದೆ. ಅ.ನಾ. ಪ್ರಹ್ಲಾದರಾಯರಂಥವರು ಸಾವಿರ ಸಾವಿರ ಪದಬಂಧಗಳನ್ನು ರಚಿಸಿ ಲಿಮ್ಕಾ ದಾಖಲೆ ಪುಸ್ತಕವನ್ನು ಸೇರಿದ್ದಾರೆ. ಪ್ರಮಾಣದ ದೃಷ್ಟಿಯಿಂದ ನಮಗೆ ಬಡತನವಿಲ್ಲ. ಗುಣದ ವಿಚಾರವನ್ನು ಮಾತ್ರ ನಾವು ಇನ್ನೂ ಕೈಗೆತ್ತಿಕೊಂಡಿಲ್ಲ.

ಗುಣವಿಚಾರಕ್ಕೆ ಮೊದಲ ಪಾಠ ದೊರೆಯುವುದು ಸಾಹಿತ್ಯದಿಂದಲ್ಲ, ನ್ಯಾಯಾಲಯದಿಂದ. ಅದೂ ನಮ್ಮ ಬೆಂಗಳೂರಿಗೆ ಸಂಬಂಧಿಸಿದ ಮೊಕದ್ದಮೆಯಿಂದ. ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ 'ಸ್ಪೋರ್ಟಿಂಗ್ ಸ್ಟಾರ್' ಎಂಬ ಇಂಗ್ಲಿಷ್ ವಾರಪತ್ರಿಕೆಯ ಮೂಲಕ ಆರ್.ಎಂ.ಡಿ. ಚಮರ್‌ಬಾಗ್‌ವಾಲಾ ಎಂಬವರು ಬಹುಮಾನದ ಪದಬಂಧ ಸ್ಪರ್ಧೆಗಳನ್ನು ನಡೆಸುತ್ತಿದ್ದರು. ಆ ಪತ್ರಿಕೆಗೆ ಮುಂಬಯಿ ರಾಜ್ಯದಲ್ಲಿಯೂ ವಿಶೇಷ ಪ್ರಸಾರವಿತ್ತು. ಪ್ರವೇಶಶುಲ್ಕ ತೆತ್ತು ಚೌಕ ತುಂಬಿ ಕಳುಹಿಸಬೇಕು. ಸಂಚಾಲಕರು ಮೊದಲೇ ನಿಶ್ಚಯಿಸಿ ಮುಚ್ಚಿಟ್ಟ ಉತ್ತರಕ್ಕೆ ಅದು ತಾಳೆಯಾದರೆ ಹಣ. ೧೯೫೭ರ ಏಪ್ರಿಲ್ ೯ರಂದು ಸರ್ವೋಚ್ಚ ನ್ಯಾಯಾಲಯ, ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಅವರ ತೀರ್ಪಿನಲ್ಲಿ, ಇದು ವಿದ್ಯೆಯ ಸ್ಪರ್ಧೆಯಲ್ಲ, ಜೂಜು ಎಂದು ನಿರ್ಣಯಿಸಿತು. ಏಕೆ? ಹೆಚ್ಚು ಸಮರ್ಪಕವಾದ ಪದವೇ ಗೆಲ್ಲುತ್ತದೆಂಬ ಭರವಸೆ ಅಲ್ಲಿರಲಿಲ್ಲ. ಸಂಚಾಲಕರು ಆರಿಸಿದ್ದೇ ಸರಿಯುತ್ತರ. ಬಲ್ಲವನು ತನ್ನ ಬಲ್ಮೆಯಿಂದ ಗೆಲ್ಲುವಂತಿಲ್ಲ. ಊಹೆ ತಾಗಿದವನು ಗೆಲ್ಲುತ್ತಾನೆ. ಅದಕ್ಕೂ ಮೊದಲೇ, ೧೯೫೫ರ ಬಹುಮಾನ ಸ್ಪರ್ಧೆಗಳ ಅಧಿನಿಯಮವು ಪದಬಂಧವನ್ನು ಹೆಸರಿಸಿ, ತಿಂಗಳಿಗೆ ಒಂದು ಸಾವಿರ ರೂಪಾಯಿ ಮೀರಿದ ಬಹುಮಾನವನ್ನು ನಿಷೇಧಿಸಿತ್ತು.

ವಾಚಕರೇ, ನ್ಯಾಯಾಲಯ ಹೇಳಿದ್ದು ಕಾನೂನು. ಆದರೆ ಅದರೊಳಗೆ ಒಂದು ಸಾಹಿತ್ಯತತ್ತ್ವವೂ ಅಡಗಿದೆ. ಎರಡು ಮೂರು ಉತ್ತರಗಳು ಸಮನಾಗಿ ಒಪ್ಪುವ ಸುಳುಹು, ಹಣದ ಸೋಂಕಿಲ್ಲದಿದ್ದರೂ, ದಾಳ ಉರುಳಿಸಿದಂತೆಯೇ ಸರಿ. ಬಿಡಿಸುವವನ ಬುದ್ಧಿಗೆ ಅಲ್ಲಿ ಕೆಲಸವಿಲ್ಲ.

ಇನ್ನು ನಮ್ಮ ಊರುಗಳಿಗೆ ಬರೋಣ. 'ಕೃಷ್ಣನ ಕ್ಷೇತ್ರ (೩)' ಎಂಬ ಸುಳುಹನ್ನು ನೋಡಿರಿ. ರಚಿಸಿದವನ ಮನಸ್ಸಿನಲ್ಲಿ ಉಡುಪಿ ಇದೆ. ಆದರೆ ಮಥುರಾ, ದ್ವಾರಕಾ, ಗೋಕುಲ ಇವೂ ಮೂರಕ್ಷರದವೇ. ಆತ ಪ್ರಶ್ನೆ ಕೇಳಿದ್ದಾನೆಯೇ ಹೊರತು ದಾರಿ ತೋರಿಲ್ಲ. 'ಕರಾವಳಿಯ ಕಡೆಯ ಗೊಮ್ಮಟನ ಊರು (೩)' ಎಂದರೆ? ಕಾರ್ಕಳ ಎಂದು ಬರೆದು ನಿಶ್ಚಿಂತರಾಗುವಿರಿ. ೧೪೩೨ರಲ್ಲಿ ಪ್ರತಿಷ್ಠಾಪಿತವಾದ ೪೨ ಅಡಿಯ ವಿಗ್ರಹ ಅಲ್ಲಿದೆ, ನಿಜ. ಆದರೆ ೧೬೦೪ರಲ್ಲಿ ಪ್ರತಿಷ್ಠಾಪಿತವಾದ ಗೊಮ್ಮಟ ವೇಣೂರಿನಲ್ಲಿಯೂ ನಿಂತಿದ್ದಾನೆ; ವೇಣೂರು ಕೂಡ ಮೂರಕ್ಷರ! 'ರಕ್ಷಣೆ (೨)' ಎಂಬುದು ಕಾಪುವಿಗೆ ಸುಳುಹಾದರೆ, ರಕ್ಷೆ, ತ್ರಾಣ ಎಂದು ಬರೆದವರನ್ನು ತಪ್ಪುಗಾರರೆನ್ನಲು ಯಾರಿಗೆ ಅಧಿಕಾರ?

ನಮ್ಮ ಮನೆಗೇ ಹತ್ತಿರದ ಉದಾಹರಣೆ ಬೇಕಾದರೆ 'ಒಬ್ಬ ಶರಣೆ (೩)' ಎಂಬ ಸುಳುಹನ್ನು ತೆಗೆದುಕೊಳ್ಳಿರಿ. ಸತ್ಯಕ್ಕ, ಲಕ್ಕಮ್ಮ, ನೀಲಮ್ಮ, ಅಕ್ಕಮ್ಮ, ಕಾಳವ್ವೆ - ಐವರೂ ವಚನಕಾರ್ತಿಯರು, ಐವರೂ ಮೂರಕ್ಷರದವರು. ಐದು ಬೇರೆ ಬೇರೆ ಬಾಳುಗಳನ್ನು ಒಂದೇ ಅಚ್ಚಿಗೆ ಸುರಿದಂತಾಯಿತು. ಇದು ಕೇವಲ ಆಟದ ದೋಷವಲ್ಲ. ಅವರಲ್ಲಿ ಯಾರಾದರೇನು ಎಂಬ ಉದಾಸೀನವೂ ಇದರಲ್ಲಿದೆ. ಅದನ್ನೇ 'ಅಕ್ಕಿ ಆಯ್ದು ತಂದ ಗಂಡನ ಅತಿಯಾಸೆಯನ್ನು ತಿದ್ದಿದವಳು (೩)' ಎಂದರೆ ಆಯ್ದಕ್ಕಿ ಮಾರಯ್ಯನ ಲಕ್ಕಮ್ಮನಲ್ಲದೆ ಬೇರಾರೂ ಅಲ್ಲಿ ಕೂರಲಾರರು. ಇದರಲ್ಲಿ ಯಾವ ಶಬ್ದಚಮತ್ಕಾರವೂ ಇಲ್ಲ. ಉತ್ತರ ಬಲ್ಲವನಿಗೆ ಸುಲಭವೂ ಹೌದು. ಆದರೂ ಇದು ಒಳ್ಳೆಯ ಸುಳುಹು. ಆ ಒಬ್ಬಳನ್ನೇ ಕುರಿತು, ಆಕೆಗೆ ಮಾತ್ರ ಸಲ್ಲುವ ಮಾತನ್ನು ಹೇಳಿದೆ.

ಚೌಕದಲ್ಲಿ ಅಡ್ಡಸಾಲು ಕಂಬಸಾಲುಗಳು ಒಂದನ್ನೊಂದು ಹಾಯುವುದರಿಂದ ಸಂಶಯ ತಾನಾಗಿ ಪರಿಹಾರವಾಗುವುದಿಲ್ಲವೇ ಎಂದು ಕೆಲವರು ಆಕ್ಷೇಪಿಸುವರು. ಆಗುತ್ತದೆ. ಆದರೆ ಅದು ನೆರೆಯವನ ದೀಪದಲ್ಲಿ ತನ್ನ ಮನೆಯ ಕೆಲಸ ಸಾಗಿಸಿದಂತೆ. ಹಾಯುವ ಸುಳುಹೂ ಇದೇ ಜಾತಿಯದಾದರೆ ಇಬ್ಬರದೂ ಕತ್ತಲೆಯೇ. ಹಾಯುವ ಅಕ್ಷರವು ಸರಿಯುತ್ತರಕ್ಕೆ ಸಾಕ್ಷಿಯಾಗಬೇಕು. ಉತ್ತರವನ್ನೇ ಅದು ನಿರ್ಧರಿಸಬೇಕಾಗಿ ಬಂದರೆ ಸುಳುಹು ಸೋತಿತೆಂದೇ ಅರ್ಥ.

ಒಂದೇ ಉತ್ತರವಿರುವುದು ಸಾಕೇ? ಸಾಲದು. 'ಕಸ್ತೂರಬಾ ವೈದ್ಯಕೀಯ ಕಾಲೇಜು ೧೯೫೩ರಲ್ಲಿ ಆರಂಭವಾದ ಊರು (೪)' ಎಂದರೆ ಮಣಿಪಾಲವೊಂದೇ ಉತ್ತರ, ಸಂಶಯವಿಲ್ಲ. ಆದರೆ ಬಲ್ಲವನು ಇಲ್ಲಿ ಯೋಚಿಸಬೇಕಾದುದಿಲ್ಲ, ಅರಿಯದವನು ಯೋಚಿಸಿ ಪ್ರಯೋಜನವಿಲ್ಲ. ಇದು ಪರೀಕ್ಷೆಯ ಪ್ರಶ್ನೆಪತ್ರಿಕೆಗೆ ಸಲ್ಲುವ ಪ್ರಶ್ನೆ. ಸುಳುಹೆಂಬುದು ಅರಿಯದವನನ್ನೂ ನಾಲ್ಕು ಹೆಜ್ಜೆ ಕೈಹಿಡಿದು ನಡೆಸಬೇಕು.

ಹಾಗೆ ನಡೆಸುವ ಉಪಾಯವೇ ಎರಡು ದಾರಿಗಳ ಕೂಡಿಕೆ. ಒಂದು ದಾರಿ ಅರ್ಥದ್ದು, ಮತ್ತೊಂದು ಶಬ್ದದ್ದು. ಇಂಗ್ಲೆಂಡಿನಲ್ಲಿ ಕ್ಸಿಮೆನಿಸ್ ಎಂಬ ಗುಪ್ತನಾಮದಿಂದ ಪದಬಂಧ ರಚಿಸುತ್ತಿದ್ದ ಡಿ.ಎಸ್. ಮ್ಯಾಕ್ನಟ್ ಎಂಬ ಶಾಲಾ ಅಧ್ಯಾಪಕ ೧೯೬೬ರ ತನ್ನ ಗ್ರಂಥದಲ್ಲಿ ಇದನ್ನು ನಿಯಮವಾಗಿಯೇ ನಿರೂಪಿಸಿದ: ಉತ್ತರದ ಖಚಿತ ಅರ್ಥ, ಅದನ್ನು ಕಟ್ಟುವ ಶಬ್ದಸೂಚನೆ, ಇವೆರಡರ ಹೊರತು ಮತ್ತೇನೂ ಇರಕೂಡದು. ಎರಡು ದಾರಿಗಳೂ ಒಂದೇ ಬಾಗಿಲಿಗೆ ಬಂದು ಮುಟ್ಟಿದಾಗ, ಉತ್ತರ ಸರಿಯೆಂದು ಹೇಳಲು ನಾಳೆಯ ಪತ್ರಿಕೆಯನ್ನು ಕಾಯಬೇಕಾಗಿಲ್ಲ. ಬಿಡಿಸಿದವನಿಗೆ ಆ ಕ್ಷಣದಲ್ಲಿಯೇ ಮನವರಿಕೆಯಾಗುತ್ತದೆ.

ಈ ಸೂತ್ರದಂತೆ ನಾಲ್ಕು ಊರುಗಳಿಗೂ ಸುಳುಹು ಕಟ್ಟಿ ನೋಡೋಣ.

'ಕಾವಲೆಂದೇ ಹೆಸರು, ಕಡಲಿಗೆ ದೀಪ ಹಿಡಿದ ಊರು (೨).' ಕಾಪು ಎಂದರೆ ಕಾವಲು, ರಕ್ಷಣೆ. ಕಾಪುವಿನ ಬಂಡೆಯ ಮೇಲೆ ೧೯೦೧ರಿಂದಲೂ ದೀಪಸ್ತಂಭ ನಿಂತಿದೆ. ಮೊದಲರ್ಧ ಶಬ್ದವನ್ನು ಕೊಟ್ಟಿತು, ಉತ್ತರಾರ್ಧ ಊರನ್ನು ತೋರಿತು. ರಕ್ಷೆ, ತ್ರಾಣಗಳು ಇಲ್ಲಿ ಹೊಸ್ತಿಲು ದಾಟಲಾರವು.

'ಚಂದ್ರನಿಗೆ ಕೊನೆಗೆ ಗುಡಿಸು ಸಿಕ್ಕ ಊರು (೩).' ಉಡು ಎಂದರೆ ನಕ್ಷತ್ರ. ಉಡುಪ ಎಂದರೆ ನಕ್ಷತ್ರಗಳ ಒಡೆಯನಾದ ಚಂದ್ರ. ಅಮರಕೋಶ ಓದಿದವರಿಗೆ ಇದು ಹೊಸದಲ್ಲ. ಕೊನೆಯ ಅಕ್ಷರಕ್ಕೆ ಇಕಾರದ ಗುಡಿಸು ಕೊಟ್ಟರೆ ಉಡುಪಿ. ಇದರ ಸೊಗಸು ಇಲ್ಲಿಗೇ ಮುಗಿಯಲಿಲ್ಲ. ದಕ್ಷನ ಶಾಪದಿಂದ ಕ್ಷೀಣಿಸಿದ ಚಂದ್ರನು ಶಿವನನ್ನು ಕುರಿತು ತಪಸ್ಸು ಮಾಡಿದ ಸ್ಥಳವೇ ಉಡುಪಿ ಎಂಬುದು ಅಲ್ಲಿನ ಚಂದ್ರಮೌಳೀಶ್ವರನ ಸ್ಥಳಪುರಾಣ. ಅಲೆದ ಚಂದ್ರನಿಗೆ ಕಡೆಗೊಂದು ನೆಲೆ ದೊರೆಯಿತೆಂಬ ಆ ಕಥೆ ಸುಳುಹಿನ ಮೇಲ್ಮೈಯಲ್ಲಿಯೇ ತೇಲುತ್ತದೆ. ಶಬ್ದ, ಅರ್ಥ, ಐತಿಹ್ಯ ಮೂರೂ ಒಂದಾಗಿವೆ.

'ಮಳೆಗಾಲ ಕಣಕ್ಕಿಳಿದರೂ ಬಾಹುಬಲಿ ಅಲ್ಲಿಯೇ ನಿಂತಿದ್ದಾನೆ (೩).' ಕಾರ್ ಎಂದರೆ ಮಳೆಗಾಲ. ಕಳ ಎಂದರೆ ಹಳೆಗನ್ನಡದಲ್ಲಿ ಕಣ. ಕಾರ್ ಬಂದು ಕಳವನ್ನು ಸೇರಿದರೆ ಕಾರ್ಕಳ. ಕರಾವಳಿಯ ಮಳೆಯನ್ನು ಕಂಡವರಿಗೆ ವಾಕ್ಯ ಓದಿದೊಡನೆ ಬೆಟ್ಟದ ಮೇಲೆ ನೆನೆಯುತ್ತ ನಿಂತ ಆ ಶಿಲಾಮೂರ್ತಿಯೇ ಕಣ್ಣೆದುರು ಬರುತ್ತದೆ. ವೇಣೂರಿನ ಗೊಮ್ಮಟ ಈಗ ಅಡ್ಡ ಬರುವುದಿಲ್ಲ.

'ಈ ವಿದ್ಯಾನಗರದಲ್ಲಿ ಮೊದಲು ಬಾಗು, ಕಾವಲುಗಾರ ಆಮೇಲೆ (೪).' ಬಾಗು ಎಂದರೆ ಮಣಿ. ಕಾವಲುಗಾರ ಎಂದರೆ ಪಾಲ. ಮಣಿ ಎಂದೊಡನೆ ನಮಗೆ ಹೊಳೆಯುವುದು ರತ್ನ ಅಥವಾ ರುದ್ರಾಕ್ಷಿ. ಆ ಅಭ್ಯಾಸವನ್ನು ತಪ್ಪಿಸಿ ಕ್ರಿಯಾಪದದ ಕಡೆಗೆ ತಿರುಗಿಸಿದುದರಲ್ಲಿ ಜಾಣತನವಿದೆ. ವಿದ್ಯೆಗೆ ವಿನಯ ಮೊದಲು ಎಂಬ ಬುದ್ಧಿವಾದವೂ ವಾಕ್ಯದಲ್ಲಿ ಸಹಜವಾಗಿ ಕೂಡಿ ಬಂದಿದೆ.

ಇಲ್ಲೊಂದು ಎಚ್ಚರಿಕೆ ಅವಶ್ಯ. ಸುಳುಹಿನ ಈ ಬಿಡಿಸಿಕೆಯನ್ನು ಸ್ಥಳನಾಮದ ನಿಷ್ಪತ್ತಿಯೆಂದು ಯಾರೂ ಭಾವಿಸಬಾರದು. ಕಾರ್ಕಳದ ಹೆಸರನ್ನು ಕರಿಕಲ್ಲಿನಿಂದಲೂ, ಮಣಿಪಾಲದ ಹೆಸರನ್ನು ಅಲ್ಲಿನ ಮಣ್ಣಪಳ್ಳ ಎಂಬ ಕೆರೆಯಿಂದಲೂ ಬಂದುದೆಂದು ಹೇಳುತ್ತಾರೆ. ಆಟದಲ್ಲಿ ಪದವನ್ನು ಬೇಕಾದಲ್ಲಿ ಒಡೆಯಬಹುದು, ಶಾಸ್ತ್ರದಲ್ಲಿ ಒಡೆಯಲಾಗದು.

ಈಗ ಇದೇ ಉಡುಪಿಗೆ ಮತ್ತೊಂದು ಸುಳುಹು: 'ಬಟ್ಟೆಯ ಕೊಂಬು ಕಳಚಿ ಗುಡಿಸು ಹಾಕು, ಊರು (೩).' ಲೆಕ್ಕ ಸರಿಯಾಗಿದೆ. ಉಡುಪು ಎಂಬುದರ ಕೊನೆಯ ಕೊಂಬು ತೆಗೆದು ಗುಡಿಸು ಕೊಟ್ಟರೆ ಉಡುಪಿಯೇ. ಆದರೆ ಬಟ್ಟೆಗೆ ಕೊಂಬೆಲ್ಲಿಯದು? ವಾಕ್ಯಕ್ಕೆ ತನ್ನದೇ ಆದ ಅರ್ಥವಿಲ್ಲ. ಅದು ಬಿಡಿಭಾಗಗಳ ಪಟ್ಟಿ. ಮರೆಮಾಡುವುದಕ್ಕೆ ಮೊದಲು ಮರೆಯೊಂದು ಇರಬೇಕಲ್ಲವೇ? ಒಳ್ಳೆಯ ಸುಳುಹು ಮೊದಲ ಓದಿಗೆ ಒಂದು ಮಾತಾಗಿ ಕೇಳಿಸಬೇಕು, ಎರಡನೆಯ ಓದಿಗೆ ಬೇರೊಂದಾಗಿ ತೆರೆಯಬೇಕು. ಎರಡೂ ಓದಿನಲ್ಲಿ ಸುಳ್ಳು ಹೇಳಿರಬಾರದು.

ಈ ಕೊನೆಯ ಮಾತು ಬಹು ಮುಖ್ಯವಾದುದು. ೧೯೪೯ರಲ್ಲಿ ಆಫ್ರಿಟ್ ಎಂಬ ಹೆಸರಿನಿಂದ ಪದಬಂಧಗಳ ಪುಸ್ತಕ ಪ್ರಕಟಿಸಿದ ಎ.ಎಫ್. ರಿಚಿ ಕ್ರೈಸ್ತ ಧರ್ಮಗುರು, ವೆಲ್ಸ್ ನಗರದ ಕ್ಯಾಥೆಡ್ರಲ್ ಶಾಲೆಯ ಮುಖ್ಯೋಪಾಧ್ಯಾಯ. ರಚನಕಾರನ ಮಾತು ಮೇಲ್ನೋಟಕ್ಕೆ ತೋರುವ ಅರ್ಥವನ್ನೇ ಉದ್ದೇಶಿಸಬೇಕೆಂದಿಲ್ಲ, ಆದರೆ ಉದ್ದೇಶಿಸಿದ ಅರ್ಥವನ್ನು ಮಾತು ನಿಜವಾಗಿಯೂ ಹೇಳಿರಲೇಬೇಕು ಎಂಬುದು ಆತ ಹಾಕಿಕೊಟ್ಟ ಕಟ್ಟಳೆಯ ತಾತ್ಪರ್ಯ. ಧರ್ಮಗುರುವೊಬ್ಬನ ಕೈಯಿಂದ ಈ ನಿಯಮ ಬಂದುದು ಆಕಸ್ಮಿಕವಿರಲಾರದು. ನುಡಿಯ ಸತ್ಯವನ್ನು ಆಟದಲ್ಲಿಯೂ ಬಿಟ್ಟುಕೊಡದ ಮನಸ್ಸು ಅದು. ನುಡಿ ಹೇಗಿರಬೇಕೆಂಬ ಬಸವಣ್ಣನವರ ಬೋಧೆಯನ್ನು ಬಾಲ್ಯದಿಂದ ಕೇಳಿದ ನಮಗೆ ಈ ಕಟ್ಟಳೆ ಪರಕೀಯವೆನಿಸ ಬೇಕಾಗಿಲ್ಲ.

ಆದರೆ ಇಂಗ್ಲಿಷಿನ ನಿಯಮಗಳನ್ನು ಕಣ್ಣು ಮುಚ್ಚಿ ಅನುಸರಿಸುವುದೂ ಸಲ್ಲದು. ಅಲ್ಲಿ ಒಂದು ಮನೆಗೆ ಒಂದು ಬಿಡಿ ವರ್ಣ. ನಮ್ಮಲ್ಲಿ ಒಂದು ಮನೆಗೆ ಒಂದು ಅಕ್ಷರ, ಕಾಗುಣಿತ ಒತ್ತುಗಳ ಸಮೇತ. ಕಾರ್ಕಳ ಎಂಬುದರ ನಡುವಿನ ಮನೆಯಲ್ಲಿ ರೇಫವೂ ಕಕಾರವೂ ಕೂಡಿಯೇ ವಾಸಿಸಬೇಕು. ಇದರಿಂದ ಅಕ್ಷರಗಳನ್ನು ಕಲಸಿ ಹೊಸ ಪದ ಮಾಡುವ ಆಟ ನಮ್ಮಲ್ಲಿ ಕಷ್ಟ. ಆದರೆ ಹಿಂದುಮುಂದಾಗಿಸುವ ಆಟ ಬಹು ಸೊಗಸು. 'ಹೊಳೆ ಹಿಂದಕ್ಕೆ ಹರಿದರೆ ಸಂಜೆಗೆ ಮುಗಿಯುತ್ತದೆ (೨)' ಎಂದರೆ ನದಿ ತಿರುಗಿ ದಿನವಾಯಿತು. 'ಕೋತಿ ಹಿಂದಿರುಗಿ ಕೋಗಿಲೆಯಾಯಿತು (೨)' ಎಂದರೆ ಕಪಿ ಹೋಗಿ ಪಿಕವಾಯಿತು. ಬಿಡಿ ವರ್ಣಗಳನ್ನು ತಿರುಗಿಸಿದ್ದರೆ ಈ ಎರಡೂ ಆಗುತ್ತಿರಲಿಲ್ಲ. ಮರಾ ಎಂದು ಜಪಿಸಿ ರಾಮನನ್ನು ಪಡೆದನೆಂಬ ವಾಲ್ಮೀಕಿಯ ಐತಿಹ್ಯ ನಿಂತಿರುವುದೂ ಇದೇ ಅಕ್ಷರವ್ಯವಸ್ಥೆಯ ಮೇಲೆ. ನಮ್ಮ ಲಿಪಿಯ ಸ್ವಭಾವವನ್ನು ಬಲ್ಲ ರಚನಕಾರನಿಗೆ ಸಂಪತ್ತು ಕಾಲ ಬುಡದಲ್ಲಿಯೇ ಇದೆ.

ಹ್ರಸ್ವದೀರ್ಘಗಳಲ್ಲಿ ಔದಾಸೀನ್ಯ ತೋರುವುದು ಕನ್ನಡ ಪದಬಂಧದ ದೊಡ್ಡ ರೋಗ. 'ಉಡುಪಿಯಲ್ಲಿ ಕುಡಿಯುವುದು, ಬೆಂಗಳೂರಿನಲ್ಲಿ ತಿನ್ನುವುದು (೨)' ಎಂಬ ಸುಳುಹು ಥಟ್ಟನೆ ನಗು ತರಿಸುತ್ತದೆ. ಕರಾವಳಿಯಲ್ಲಿ ಬೊಂಡವೆಂದರೆ ಎಳನೀರು. ಬೆಂಗಳೂರಿನ ಬೋಂಡ ಎಣ್ಣೆಯಲ್ಲಿ ಕರಿದ ತಿಂಡಿ. ಆದರೆ ಕುಡಿಯುವುದು ಹ್ರಸ್ವ, ತಿನ್ನುವುದು ದೀರ್ಘ. ಒಂದೇ ಮನೆಯಲ್ಲಿ ಎರಡನ್ನೂ ಕೂರಿಸುವಂತಿಲ್ಲ. ಅದನ್ನೇ 'ಉಡುಪಿಯ ಎಳನೀರನ್ನು ಎಳೆದರೆ ಬೆಂಗಳೂರಿನ ತಿಂಡಿ (೨)' ಎಂದು ತಿದ್ದಿದರೆ, ದೋಷವೇ ಗುಣವಾಗಿ ಪರಿಣಮಿಸುತ್ತದೆ. ಹ್ರಸ್ವವನ್ನು ಎಳೆದರೆ ತಾನೇ ದೀರ್ಘ!

ಈ ಉದಾಹರಣೆ ಮತ್ತೊಂದು ಪ್ರಶ್ನೆಯನ್ನು ಎತ್ತುತ್ತದೆ. ಒಂದು ಸೀಮೆಯ ಮಾತನ್ನು ಎಲ್ಲ ಸೀಮೆಯ ಓದುಗರ ಮುಂದಿಡುವುದು ನ್ಯಾಯವೇ? ಸುಳುಹಿನಲ್ಲಿ ಸೀಮೆಯ ಗುರುತಿದ್ದರೆ ನ್ಯಾಯ, ಇಲ್ಲವಾದರೆ ಅನ್ಯಾಯ. 'ಎಳನೀರು (೨)' ಎಂದಷ್ಟೇ ಹೇಳಿ ಬೊಂಡವನ್ನು ಅಪೇಕ್ಷಿಸಿದರೆ ಹಾವೇರಿಯ ಓದುಗ ಏನು ಮಾಡಿಯಾನು? ಉಡುಪಿಯ ಹೆಸರೆತ್ತಿದರೆ ಆತನೂ ಒಂದು ಹೊಸ ಪದವನ್ನು ಗಳಿಸಿದಂತಾಗುತ್ತದೆ. ಉಡುಪಿಯಲ್ಲಿ ೧೯೧೫ರಲ್ಲಿ ಹುಟ್ಟಿ ಹುಬ್ಬಳ್ಳಿಯ 'ಕಸ್ತೂರಿ'ಯ ಮೂಲಕ ನಾಡಿಗೆಲ್ಲ ಪದಗಳ ರುಚಿ ಹತ್ತಿಸಿದ ಪಾ.ವೆಂ. ಆಚಾರ್ಯರು ತಮ್ಮ 'ಪದಾರ್ಥ ಚಿಂತಾಮಣಿ'ಯಲ್ಲಿ ತೋರಿಸಿದ ಕುತೂಹಲ ಇಂಥದು. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ೧೯೮೮ರಿಂದ ೧೯೯೭ರವರೆಗೆ ಆರು ಸಂಪುಟಗಳಲ್ಲಿ ಹೊರಬಂದ ತುಳು ನಿಘಂಟು ಆ ಸೀಮೆಯ ಪದಸಂಪತ್ತಿನ ಭಂಡಾರ. ಇವುಗಳ ಬಳಿಗೆ ಹೋಗದೆ, ಚೌಕದ ಮೂಲೆ ತುಂಬದಾಗ ಮಾತ್ರ ಕೋಶ ತೆರೆದು ಯಾರೂ ಆಡದ ಸತ್ತ ಪದವೊಂದನ್ನು ಹೆಕ್ಕಿ ತರುವುದು ಪಾಂಡಿತ್ಯವಲ್ಲ, ಸೋಮಾರಿತನ.

ರಚನಕಾರನ ಪಕ್ಕದಲ್ಲಿ ಒಬ್ಬ ಮನೋರಮೆ ಇರಬೇಕೆಂದು ನನಗೆ ಅನೇಕ ವೇಳೆ ಅನಿಸಿದೆ. ಕಾರ್ಕಳಕ್ಕೆ ಸಮೀಪದ ನಂದಳಿಕೆಯಲ್ಲಿ ೧೮೭೦ರಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪ, ಅಂದರೆ ನಮ್ಮ ಮುದ್ದಣ, 'ಶ್ರೀರಾಮಾಶ್ವಮೇಧ'ದಲ್ಲಿ ಕಥೆ ಹೇಳುವ ಗಂಡನ ಎದುರಿಗೆ ಕೇಳುವ ಹೆಂಡತಿಯನ್ನೂ ಕೂರಿಸಿದ. ಆತ ಬಿಗುವಿನ ಮಾತಿಗೆ ತೊಡಗಿದೊಡನೆ ಆಕೆ ತಡೆಯುತ್ತಾಳೆ, ಕೆಣಕುತ್ತಾಳೆ, ತಿಳಿಯುವ ಹಾಗೆ ಹೇಳೆಂದು ಪಟ್ಟು ಹಿಡಿಯುತ್ತಾಳೆ. ಆತನೂ ಸೋಲೊಪ್ಪಿ ಸಂತೋಷಪಡುತ್ತಾನೆ. ಪದಬಂಧವೂ ಇಬ್ಬರ ಸರಸವೇ. ಕಟ್ಟುವವನು ಸೋಲುವುದಕ್ಕಾಗಿಯೇ ಕಟ್ಟಬೇಕು. ಯಾರೂ ಬಿಡಿಸಲಾಗದ ಸುಳುಹನ್ನು ರಚಿಸಿ ಬೀಗುವವನು ಆಟವನ್ನೇ ತಿಳಿಯದವನು.

ನಮ್ಮ ಪೂರ್ವಿಕರಿಗೆ ಇದು ತಿಳಿದಿತ್ತು. ಹಳ್ಳಿಯ ಒಗಟು, ತುಳುವರ ಎದುರುಕತೆ, ಕನಕದಾಸರ ಮುಂಡಿಗೆ, ಚಿತ್ರಕವಿಗಳ ಪದ್ಮಬಂಧ ನಾಗಬಂಧಗಳು, ಇವೆಲ್ಲ ಪದಬಂಧಕ್ಕೆ ಹಿರಿಯರೇ. ದಂಡಿ ತನ್ನ 'ಕಾವ್ಯಾದರ್ಶ'ದ ಮೂರನೆಯ ಪರಿಚ್ಛೇದದಲ್ಲಿ ಪ್ರಹೇಳಿಕೆಗಳ ಹದಿನಾರು ಪ್ರಭೇದಗಳನ್ನು ವಿವರಿಸಿದ್ದಾನೆ. ಹಿಂದಿನ ಆಚಾರ್ಯರು ಹದಿನಾಲ್ಕು ದುಷ್ಟ ಪ್ರಹೇಳಿಕೆಗಳನ್ನೂ ಹೇಳಿದ್ದರಂತೆ. ಆದರೆ ದೋಷಗಳಿಗೆ ಎಣೆಯಿಲ್ಲವಾದ್ದರಿಂದ ಒಳ್ಳೆಯವನ್ನಷ್ಟೇ ಹೇಳುವೆನೆಂದು ಆತ ಮುಂದುವರಿಯುತ್ತಾನೆ. ಗೋಷ್ಠಿಯ ವಿನೋದ, ಜನರ ನಡುವೆ ಗುಟ್ಟಿನ ಸಂಭಾಷಣೆ, ಪರರನ್ನು ಬೆರಗುಗೊಳಿಸುವುದು ಇವು ಪ್ರಹೇಳಿಕೆಯ ಪ್ರಯೋಜನಗಳೆಂಬುದು ಆತನ ಮತ. ಸುಳುಹಿನಲ್ಲಿ ಗುಣದೋಷವಿವೇಚನೆ ಇಂಗ್ಲಿಷಿನಿಂದ ಬಂದ ಹೊಸ ಹುಚ್ಚಲ್ಲವೆಂಬುದಕ್ಕೆ ಇಷ್ಟು ಸಾಕು.

ಈ ಹಿರಿಯರ ಸಾಲಿನಲ್ಲಿ ಬೆಡಗಿನ ವಚನವನ್ನೂ ಸೇರಿಸಬೇಕೆಂದು ನಿಮ್ಮ ಮನಸ್ಸು ತವಕಿಸುತ್ತಿರಬಹುದು. ಇಲ್ಲಿಯೇ ನಾವು ನಿಂತು ಯೋಚಿಸಬೇಕು. ಅಲ್ಲಮಪ್ರಭುವಿನ ಬೆಡಗಿಗೂ ಪದಬಂಧದ ಸುಳುಹಿಗೂ ಹೊರಗಿನ ಹೋಲಿಕೆ ಇದೆ. ಎರಡೂ ಒಂದನ್ನು ಹೇಳಿ ಮತ್ತೊಂದನ್ನು ಕಾಣಿಸುತ್ತವೆ. ಎರಡರಲ್ಲಿಯೂ ಅರಿತವನಿಗೆ ಬಾಗಿಲು ತೆರೆಯುತ್ತದೆ. ಆದರೆ ಸುಳುಹು ಉತ್ತರ ದೊರೆತೊಡನೆ ತೀರಿಹೋಗುತ್ತದೆ. ನಾಳೆ ಅದನ್ನು ಯಾರೂ ಮತ್ತೆ ಓದುವುದಿಲ್ಲ. ಬೆಡಗು ಉತ್ತರ ದೊರೆತ ಮೇಲೆ ಆರಂಭವಾಗುತ್ತದೆ. ಮಹಾಲಿಂಗದೇವರೇ ಮೊದಲಾದ ಟೀಕಾಕಾರರು ಬೆಡಗಿನ ಒಂದೊಂದು ಸಂಕೇತಕ್ಕೂ ಅರ್ಥ ತೋರಿ ನಮಗೆ ಮಹದುಪಕಾರ ಮಾಡಿದ್ದಾರೆ. ಆದರೆ ಅವರು ಕೊಟ್ಟದ್ದು ಏರುವುದಕ್ಕೆ ಮೆಟ್ಟಿಲು. ಹಾವೆಂದರೆ ಇದು, ಕಪ್ಪೆಯೆಂದರೆ ಅದು ಎಂದು ಪಟ್ಟಿ ಮಾಡಿ, ಪದಬಂಧದ ಮನೆ ತುಂಬಿದಂತೆ ತುಂಬಿ, ವಚನ ಅರ್ಥವಾಯಿತೆಂದು ಪುಸ್ತಕ ಮುಚ್ಚುವ ಅಭ್ಯಾಸ ನಮ್ಮ ವಿದ್ಯಾರ್ಥಿಗಳ ಸ್ಪರ್ಧೆಗಳಲ್ಲಿ ಕಾಣಿಸಿಕೊಂಡಿದೆ. ಅದು ಮೆಟ್ಟಿಲನ್ನೇ ಮನೆಯೆಂದು ತಿಳಿದಂತೆ. 'ಗವಿಯ ಒಡೆಯ ಅಲ್ಲಮನ ವಚನದ ಕೊನೆಗೆ ಸಿಗುತ್ತಾನೆ (೪)' ಎಂಬುದು ತಕ್ಕಮಟ್ಟಿಗೆ ಒಳ್ಳೆಯ ಸುಳುಹೇ. ಗುಹೇಶ್ವರ ಎಂಬ ಅಂಕಿತ ನಾಲ್ಕು ಮನೆಗಳಲ್ಲಿ ಸರಿಯಾಗಿ ಕೂರುತ್ತದೆ. ಆ ಗುಹೇಶ್ವರನು ಯಾರೆಂಬುದಕ್ಕೆ ಮಾತ್ರ ಮನೆಗಳು ಸಾಲವು. ಈ ವ್ಯತ್ಯಾಸವನ್ನು ಮರೆಯದವನು ಪದಬಂಧವನ್ನು ನಿಶ್ಚಿಂತೆಯಿಂದ ಆಡಬಹುದು. ಅದು ಅವನ ವಚನಾಧ್ಯಯನಕ್ಕೆ ಅಡ್ಡಿಯಾಗದು. ಒಂದೊಂದು ಪದವನ್ನೂ ತಿರುಗಿಸಿ ನೋಡುವ ಅಭ್ಯಾಸದಿಂದ ಉಪಕಾರವೇ ಆದೀತು.

ಆದುದರಿಂದ ವಾಚಕರೇ, ನಾಳೆ ಬೆಳಗ್ಗೆ ಪತ್ರಿಕೆ ತೆರೆದಾಗ ಪ್ರತಿ ಸುಳುಹಿಗೂ ಮೂರು ಪ್ರಶ್ನೆ ಹಾಕಿರಿ. ಇದಕ್ಕೆ ಈ ಉತ್ತರವಲ್ಲದೆ ಬೇರೊಂದು ಸಲ್ಲುವುದೇ? ಅರಿಯದವನಿಗೂ ಇದು ದಾರಿ ತೋರುವುದೇ? ಉತ್ತರ ತಿಳಿದ ಮೇಲೆ ಹಿಂದಿರುಗಿ ಓದಿದರೆ ಪ್ರತಿಯೊಂದು ಪದವೂ ನಿಜ ಹೇಳಿರುವುದೇ? ಮೂರಕ್ಕೂ ಸಮಾಧಾನ ದೊರೆತರೆ ಅದನ್ನು ಕಟ್ಟಿದ ಅಜ್ಞಾತನ ಕಾಯಕಕ್ಕೆ ಮನಸ್ಸಿನಲ್ಲಿಯೇ ಶರಣೆನ್ನಿರಿ. ದೊರೆಯದಿದ್ದರೆ ಪತ್ರಿಕೆಯ ಸಂಪಾದಕರಿಗೆ ಒಂದು ಕಾಗದ ಬರೆಯಿರಿ. ಕನ್ನಡದ ಪುಟ್ಟ ಬರವಣಿಗೆಯೊಂದು ನಿಮ್ಮ ಆ ಕಾಗದದಿಂದ ಸುಧಾರಿಸೀತು. ನಮ್ಮ ಮಠದ ಪಾಠಶಾಲೆಗಳ ಮಕ್ಕಳಿಗೆ ಪದಬಂಧ ಕಟ್ಟಿಕೊಡುವ ಅಧ್ಯಾಪಕರಂತೂ ಈ ಮೂರು ಪ್ರಶ್ನೆಗಳನ್ನು ತಮಗೆ ತಾವೇ ಮೊದಲು ಹಾಕಿಕೊಳ್ಳಲಿ. ಮಗು ಆ ಚೌಕದಲ್ಲಿ ಕಲಿಯುವುದು ಪದಗಳನ್ನು ಮಾತ್ರವಲ್ಲ. ಮಾತು ಗೂಢವಾಗಿದ್ದೂ ಪ್ರಾಮಾಣಿಕವಾಗಿರಬಲ್ಲದು ಎಂಬುದನ್ನೂ ಅದು ಅಲ್ಲಿ ಕಲಿಯುತ್ತದೆ.